ಎಸ್ಸೆಮ್ಮೆಸ್ ಓಟಿಪಿಯೋ, ಆ್ಯಪ್ಪೋ, ಯುಎಸ್‌ಬಿ ಕೀಯೋ?

ತೀರ್ಥಹಳ್ಳಿ, ಹೊಸನಗರದ ಕಡೆ ಸರ್ಕಾರಿ ಲಾಗಿನ್‌ಗೆ ಪಾಸ್‌ವರ್ಡಿನ ಜೊತೆಗೆ ಎರಡನೇ ಬೀಗ ಆರಿಸುವಾಗ ಮೊದಲು ಮಳೆ ನೆನಪಿರಲಿ. ಕರೆಂಟು ಹೋಗಿ ಟವರ್ ಕೈಕೊಟ್ಟರೆ ಎಸ್ಸೆಮ್ಮೆಸ್ ಓಟಿಪಿ ಬರುವುದಿಲ್ಲ. ನಿಮ್ಮ ಹೆಸರಲ್ಲಿ ಡೂಪ್ಲಿಕೇಟ್ ಸಿಮ್ ತೆಗೆಸಿದವನಿಗೆ ಮಾತ್ರ ಸಲೀಸಾಗಿ ಬರುತ್ತದೆ!

ಫೋನಿನಲ್ಲೇ ಕೋಡ್ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್‌ಗೆ ಸಿಗ್ನಲ್ ಬೇಡ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ 6 ಅಂಕಿ ತಾನೇ ಕೊಡುತ್ತದೆ. ಫೋನಿನ ಗಡಿಯಾರ ಕೆಲವು ನಿಮಿಷ ಹಿಂದೆಮುಂದಾದರೆ ಮಾತ್ರ ಕೋಡ್ ನಡೆಯದು. ಸಮಯವನ್ನು ಆಟೊಮ್ಯಾಟಿಕ್‌ಗೆ ಇಡಿ. ನಕಲಿ ಪುಟದಲ್ಲಿ ಟೈಪಿಸಿದರೆ ಓಟಿಪಿಯಂತೆ ಇದೂ ಕಳ್ಳನ ಪಾಲು.

ಫಿಡೊ (ಲಾಗಿನ್ ಭದ್ರತೆಯ ಒಂದು ಮಾನದಂಡ) ಯುಎಸ್‌ಬಿ ಕೀ, ಅಂದರೆ ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಸಾಧನ, ಗೆಲ್ಲುವುದು ಅಲ್ಲೇ. ನೋಂದಾಯಿಸಿದ ವೆಬ್ ವಿಳಾಸಕ್ಕೆ ಮಾತ್ರ ಉತ್ತರ ಕೊಡುತ್ತದೆ. ಡೊಮೇನ್‌ನಲ್ಲಿ ಒಂದಕ್ಷರ ಬೇರೆಯಾದರೂ ಬಾಯಿ ಬಿಡದು. ಪೋರ್ಟಲ್ ಒಪ್ಪುವುದಾದರೆ ಇದೇ ಸರಿ. ಒಬ್ಬರಿಗೆ ಎರಡು ನೋಂದಾಯಿಸಿ, ಒಂದು ಬೀರುವಿನಲ್ಲಿರಲಿ. ಅಂದಹಾಗೆ, ದಾಖಲೆಗೆ ಡಿಜಿಟಲ್ ಸಹಿ ಹಾಕುವ ಡಾಂಗಲ್ ಬೇರೆ, ಈ ಕೀ ಬೇರೆ.