ಒಂದೇ ಗಣಕದ ಪಟ್ಟಿಯೇ, ತಮ್ಮಲ್ಲೇ ಮಾತಾಡಿಕೊಳ್ಳುವ ಏಜೆಂಟ್‌ಗಳೇ?

ಹೊಸೂರಿನಲ್ಲಿ ಹತ್ತಾರು ಯಂತ್ರಗಳನ್ನಿಟ್ಟುಕೊಂಡು ವಾಹನದ ಬಿಡಿಭಾಗ ಮಾಡುವ ನಮ್ಮವರು ಕೆಲಸ ಹಂಚುವ ತಂತ್ರಾಂಶ ಕೊಳ್ಳುವಾಗ ಈ ಪ್ರಶ್ನೆ ಎದುರಾಗುತ್ತದೆ. ಏಜೆಂಟ್ ಎಂದರೆ ಒಂದೊಂದು ಯಂತ್ರದ, ಒಂದೊಂದು ಆರ್ಡರ್‌ನ ಪರವಾಗಿ ತಾನೇ ನಿರ್ಧರಿಸುವ ಪುಟ್ಟ ತಂತ್ರಾಂಶ.

ದಿನವೂ ಅದೇ ಭಾಗ, ಅದೇ ಸಂಖ್ಯೆ ಎಂದಾದರೆ ಯೋಚನೆ ಬೇಡ, ಕೇಂದ್ರ ಗಣಕ ಹಾಕುವ ವೇಳಾಪಟ್ಟಿಯೇ ಸಾಕು. ಇಡೀ ಕಾರ್ಖಾನೆ ಅದಕ್ಕೆ ಒಂದೆಡೆ ಕಾಣುತ್ತದೆ.

ಸಣ್ಣ ಸಣ್ಣ ಆರ್ಡರ್‌ಗಳು, ನಡುವೆ ತುರ್ತಿನವು ಎಂದರೆ ಮಾತೇ ಬೇರೆ. ಬೆಳಗ್ಗೆ 11ಕ್ಕೆ ಮೂರನೆಯ ಲೇತ್‌ನ ಬೇರಿಂಗ್ ಕಿರುಗುಟ್ಟಿ ನಿಂತಿತೆನ್ನಿ. ಆರ್ಡರ್‌ನ ಏಜೆಂಟ್ ಉಳಿದ 40 ಶಾಫ್ಟ್‌ಗಳಿಗೆ ಟೆಂಡರ್ ಕರೆಯುತ್ತದೆ. ಒಂದನೆಯ ಲೇತ್, ‘ಎರಡು ಗಂಟೆಗೆ ಬಿಡುವಾಗುತ್ತೇನೆ’ ಎನ್ನುತ್ತದೆ. ಐದನೆಯದು, ‘ಈಗಲೇ ಬಿಡುವಿದ್ದೇನೆ, ಚಕ್ಕಿನ ಹಿಡಿತ ಬದಲಿಸಲು ಅರ್ಧ ಗಂಟೆ ಸಾಕು’ ಎನ್ನುತ್ತದೆ. ಕೆಲಸ ಐದನೆಯದಕ್ಕೆ ಹೋಗುತ್ತದೆ. ಉಳಿದ ಯಂತ್ರಗಳ ಪಟ್ಟಿ ಕದಲುವುದಿಲ್ಲ. 1980ರಲ್ಲಿ ಗಣಕ ವಿಜ್ಞಾನಿ ರೀಡ್ ಸ್ಮಿತ್ ಮಂಡಿಸಿದ ‘ಕಾಂಟ್ರಾಕ್ಟ್ ನೆಟ್’ ಎಂಬ ವಿಧಾನದ ತಿರುಳು ಇದೇ. ನನಗೆ ಇದು ಬಹಳ ಇಷ್ಟ.

ಆದರೆ ಪ್ರತಿ ಏಜೆಂಟ್ ನೋಡುವುದು ತನ್ನ ಸುತ್ತಲಷ್ಟೇ. ಹಾಗಾಗಿ ಒಟ್ಟು ಫಲ ಅತ್ಯುತ್ತಮವೇ ಆಗುತ್ತದೆಂಬ ಖಾತರಿಯಿಲ್ಲ. ಹಳೆಯ ಯಂತ್ರಗಳು ತಮ್ಮ ಸ್ಥಿತಿ ತಿಳಿಸಲಾರವು, ಸೆನ್ಸರ್ ಕೂರಿಸುವ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೇರೆ ಬೇರೆಯವರು ಮಾಡಿದ ಏಜೆಂಟ್‌ಗಳೂ ಪರಸ್ಪರ ಅರ್ಥಮಾಡಿಕೊಳ್ಳಲೆಂದು ಅವುಗಳ ಸಂದೇಶಕ್ಕೆ ‘ಫಿಪಾ’ (FIPA) ಎಂಬ ಮಾನದಂಡವಿದೆ. ಮಾರುವವರು ಅದನ್ನು ಪಾಲಿಸುತ್ತಾರೆಯೇ ಎಂದು ಕೇಳಿ.

ಇನ್ನೊಂದು ಮಾತು. ಇಲ್ಲಿ ಒಂದೇ ಪಾಳಿಯಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಕೇಳಿಬರುತ್ತವೆ. ಕೆಲಸ ಯಾಕೆ ಬೇರೆ ಯಂತ್ರಕ್ಕೆ ಹೋಯಿತೆಂಬುದು ಕೆಲಸಗಾರನ ಭಾಷೆಯಲ್ಲಿ ಪರದೆಯ ಮೇಲೆ ಬರದಿದ್ದರೆ ಆ ತಂತ್ರಾಂಶಕ್ಕೆ ಮುಂಗಡ ಕೊಡಬೇಡಿ.