ಗಾಳಿಯಲ್ಲಿ ಕೈ ಆಡಿಸುವ ಸೆನ್ಸರ್: ಬಳ್ಳಾರಿಯ ಜೀನ್ಸ್ ಯೂನಿಟ್‌ನಲ್ಲಿ 3 ವರ್ಷ

ನಮ್ಮದು ಬಳ್ಳಾರಿಯ ಕೌಲ್ ಬಜಾರ್ ಕಡೆ ಒಂದು ಚಿಕ್ಕ ಜೀನ್ಸ್ ಯೂನಿಟ್. 14 ಮಷಿನ್, ಒಂದು ಕಟಿಂಗ್ ಟೇಬಲ್, ಒಬ್ಬರು ಮಾಸ್ಟರ್. ಕಂಪ್ಯೂಟರ್‌ನಲ್ಲಿ ಪ್ಯಾಟರ್ನ್ ಮಾಡಿ ಮಾರ್ಕರ್ (ಬಟ್ಟೆಯ ಮೇಲೆ ತುಂಡುಗಳನ್ನು ಜೋಡಿಸುವ ನಕ್ಷೆ) ಹಾಕುವುದು ನನ್ನ ಕೆಲಸ. 3 ವರ್ಷದ ಹಿಂದೆ ಕೈ ಗುರುತಿಸುವ ಸೆನ್ಸರ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ 6,500 ರೂಪಾಯಿಗೆ ಕೊಂಡೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದ ಇರುವ ಡಬ್ಬಿ. ಒಳಗೆ ಎರಡು ಪುಟ್ಟ ಕ್ಯಾಮೆರಾ, ಪಕ್ಕದಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪಗಳು. ಮೇಲೆ ಕೈ ಹಿಡಿದರೆ ಬೆರಳಿನ ಒಂದೊಂದು ಗೆಣ್ಣೂ ಪರದೆಯ ಮೇಲೆ ಮೂಡುತ್ತದೆ. ಮೊದಲ ದಿನ ಇಡೀ ಯೂನಿಟ್ ಮಷಿನ್ ನಿಲ್ಲಿಸಿ ನೋಡಲು ಬಂದಿತ್ತು.

ಇದನ್ನು ಕೊಳ್ಳುವ ಆಸೆ ಹುಟ್ಟಿದ್ದು ಸಿನಿಮಾದಿಂದ. 2002ರಲ್ಲಿ ಬಂದ ‘ಮೈನಾರಿಟಿ ರಿಪೋರ್ಟ್’ನಲ್ಲಿ ಟಾಮ್ ಕ್ರೂಸ್ ಕೈಗವಸು ಹಾಕಿಕೊಂಡು ಎದುರಿನ ಗಾಜಿನ ಮೇಲೆ ಚಿತ್ರಗಳನ್ನು ಎಳೆದು, ಸರಿಸಿ, ಬದಿಗೆ ತಳ್ಳುತ್ತಾರೆ. ಅದು ಬರೀ ಕಲ್ಪನೆಯಲ್ಲ. ಎಂಐಟಿ ಮೀಡಿಯಾ ಲ್ಯಾಬ್‌ನಿಂದ ಬಂದ ಜಾನ್ ಅಂಡರ್‌ಕಾಫ್ಲರ್ ಎಂಬ ವಿಜ್ಞಾನಿ ಕೂತು ಆ ಕೈಸನ್ನೆಗಳನ್ನು ರೂಪಿಸಿಕೊಟ್ಟಿದ್ದರು. ಆಮೇಲೆ ಅಂಥದ್ದೇ ಯಂತ್ರ ಮಾಡುವ ಕಂಪನಿಯನ್ನೂ ಅವರು ಕಟ್ಟಿದರು. ಸಿನಿಮಾ ನೋಡಿದಾಗಿನಿಂದ ನನ್ನ ತಲೆಯಲ್ಲಿ ಒಂದೇ ಚಿತ್ರ: ಪ್ಯಾಂಟಿನ ಮುಂಭಾಗ, ಹಿಂಭಾಗ, ಜೇಬು, ಬೆಲ್ಟ್ ಎಲ್ಲ ಗಾಳಿಯಲ್ಲಿ ತೇಲಬೇಕು, ನಾನು ಕೈಯಲ್ಲೇ ಅವನ್ನು ಬಟ್ಟೆಯ ಮೇಲೆ ಜೋಡಿಸಬೇಕು.

ತೇಲುವ ಚಿತ್ರದ ಆಸೆ ಬೇಗ ಬಿಟ್ಟೆ. ಬೆಳಕು ತಾನಾಗಿ ಗಾಳಿಯ ನಡುವೆ ನಿಲ್ಲುವುದಿಲ್ಲ, ಅದಕ್ಕೆ ತಗಲಲು ಏನಾದರೂ ಬೇಕು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ತೊಗಲುಗೊಂಬೆಯಾಟ ನೋಡಿದವರೇ ಅಲ್ವಾ? ಹಿಂದೆ ದೀಪ, ಮುಂದೆ ಬಿಳಿ ಪರದೆ. ಗೊಂಬೆ ಪರದೆಗೆ ಒತ್ತಿಕೊಂಡಿದ್ದರೆ ಬಣ್ಣ ಸ್ಪಷ್ಟ, ಒಂದು ಗೇಣು ಹಿಂದೆ ಸರಿದರೆ ಮಸುಕು. ಪರದೆ ತೆಗೆದರೆ ಆಟವೇ ಇಲ್ಲ. ನಿಜವಾದ ಹೊಲೊಗ್ರಾಮ್‌ಗೂ ಅದೇ ಕಟ್ಟುಪಾಡು. 1947ರಲ್ಲಿ ಡೆನಿಸ್ ಗಾಬೋರ್ ಕಂಡುಹಿಡಿದದ್ದು, 1971ರಲ್ಲಿ ಅವರಿಗೆ ನೊಬೆಲ್ ತಂದುಕೊಟ್ಟದ್ದು ಫಲಕದಲ್ಲಿ ಬೆಳಕನ್ನು ಹಿಡಿದಿಡುವ ವಿದ್ಯೆ. ಬ್ಯಾಂಕ್ ಕಾರ್ಡಿನ ಮೇಲೆ ಮಿನುಗುವ ಪುಟ್ಟ ಚಿತ್ರ ಅದರದೇ ವಂಶ. ಫಲಕದ ಕಡೆ ನೋಡಿದರೆ ಮಾತ್ರ ಅದು ಕಾಣುತ್ತದೆ. ಕೋಣೆಯ ಮಧ್ಯೆ ಎದ್ದು ನಿಂತು ಸುತ್ತಲಿನವರಿಗೆಲ್ಲ ಕಾಣುವುದು ಸಿನಿಮಾದಲ್ಲಿ ಮಾತ್ರ.

ಹಾಗಾಗಿ ಚಿತ್ರ ಮಾನಿಟರ್‌ನಲ್ಲೇ ಇರಲಿ, ಕೈ ಮಾತ್ರ ಗಾಳಿಯಲ್ಲಿ ಆಡಲಿ ಅಂತ ಶುರು ಮಾಡಿದೆ.

ಮೊದಲು ಸೋತದ್ದು ಭುಜ. ಕೈ ಎತ್ತಿ ಹಿಡಿದು ಕೆಲಸ ಮಾಡಿದರೆ ಹತ್ತು ನಿಮಿಷಕ್ಕೆ ಹೆಗಲು ಭಾರ, ಅರ್ಧ ಗಂಟೆಗೆ ಕತ್ತಿನವರೆಗೂ ನೋವು. ಎದುರಿಗೆ ನೆಟ್ಟಗೆ ನಿಲ್ಲಿಸಿದ ಟಚ್‌ಸ್ಕ್ರೀನ್ ಬಳಸಿದವರಿಗೂ ಹೀಗೇ ಆಗಿದೆ. ಇಂಜಿನಿಯರ್‌ಗಳು ಇದಕ್ಕೆ ಎಂದೋ ‘ಗೊರಿಲ್ಲಾ ತೋಳು’ ಅಂತ ಹೆಸರಿಟ್ಟಿದ್ದಾರೆ. ಸಿನಿಮಾದಲ್ಲಿ ಒಂದು ದೃಶ್ಯ ಎರಡು ನಿಮಿಷದಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಶಿಫ್ಟ್ ಹತ್ತು ಗಂಟೆ.

ಎರಡನೆಯ ತೊಂದರೆಯನ್ನು ನಾನು ನೆನೆಸಿಯೇ ಇರಲಿಲ್ಲ. ಕೈ ಸುಮ್ನೆ ಇದ್ದರೂ ಯಂತ್ರ ಅದನ್ನು ಅಪ್ಪಣೆ ಅಂದುಕೊಳ್ಳುತ್ತದೆ. ಹಣೆಯ ಬೆವರು ಒರೆಸಿದರೆ ಪುಟ ತಿರುಗಿತು. ಟೀ ಲೋಟ ತೆಗೆದುಕೊಂಡರೆ ಹಿಂದಿನ ಜೇಬು ಮೂಲೆಗೆ ಹಾರಿತು. ಭಸ್ಮಾಸುರನ ಕೈ ಇದ್ದ ಹಾಗೆ, ಎಲ್ಲಿ ಇಟ್ಟರೂ ಏನೋ ಒಂದು ಆಗಿಯೇ ತೀರುತ್ತದೆ. ಮೌಸ್ ಆದರೆ ಬಿಟ್ಟರೆ ಬಿಟ್ಟಂತೆ. ಗಾಳಿಯಲ್ಲಿ ಕೈ ಬಿಡುವುದು ಹೇಗೆ?

ಇನ್ನು ದೊಡ್ಡ ಪೆಟ್ಟಿನ ಕಥೆ. ಮಾರ್ಕರ್ ಅಂದರೆ 58 ಇಂಚು ಅಗಲದ ಬಟ್ಟೆಯ ಮೇಲೆ ಪ್ಯಾಂಟಿನ ತುಂಡುಗಳನ್ನು ಆದಷ್ಟು ಒತ್ತಾಗಿ ಕೂಡಿಸುವುದು. ಪ್ರತಿ ತುಂಡೂ ಬಟ್ಟೆಯ ಉದ್ದದ ನೂಲಿಗೆ ನೇರವಾಗಿಯೇ ಕೂರಬೇಕು. ಒಂದು ದಿನ ಸೆನ್ಸರ್‌ನಲ್ಲೇ ಪೂರ್ತಿ ಮಾರ್ಕರ್ ಹಾಕಿದೆ. ಬೆರಳು ಚಿವುಟಿ ಹಿಡಿದ ತುಂಡನ್ನು ಬಿಡುವಾಗ ಬೆರಳು ಅಗಲವಾಗುತ್ತದೆ ನೋಡಿ, ಆ ಗಳಿಗೆಯಲ್ಲಿ ತುಂಡು ಒಂದು ಕೂದಲಷ್ಟು ತಿರುಗುತ್ತದೆ. ಕಣ್ಣಿಗೆ ಗೊತ್ತೇ ಆಗಲಿಲ್ಲ. 80 ಪದರ ಬಟ್ಟೆ ಹಾಸಿ ಕತ್ತರಿಸಿದೆವು, ಹೊಲಿದೆವು, ವಾಷಿಂಗ್‌ಗೆ ಕಳಿಸಿದೆವು. ತೊಳೆದು ಬಂದಾಗ ನೋಡಿದರೆ ಎಡಗಾಲಿನ ಪಕ್ಕದ ಹೊಲಿಗೆ ಮೊಣಕಾಲಿನ ಮುಂದಕ್ಕೆ ಸುತ್ತಿಕೊಂಡಿತ್ತು. ಮಾಸ್ಟರ್ ಒಂದು ಪ್ಯಾಂಟ್ ಎತ್ತಿ ಹಿಡಿದು, ಕಾಲನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಬಿಟ್ಟರು. ಅದು ಮೆಲ್ಲಗೆ ಮತ್ತೆ ಮುಂದಕ್ಕೇ ಬಂತು. 80 ಪ್ಯಾಂಟೂ ಸೆಕೆಂಡ್ಸ್ ರೇಟಿಗೆ, ಅಂದರೆ ದೋಷವಿರುವ ಮಾಲಿನ ಕಡಿಮೆ ಬೆಲೆಗೆ ಹೋದವು. ಅವತ್ತಿನಿಂದ ಮಾರ್ಕರ್ ಕೆಲಸಕ್ಕೆ ಮೌಸೇ.

ಕಾರಣ ನನಗೆ ಈಗ ಅನುಭವದಿಂದ ಗೊತ್ತು. ನಮ್ಮ ಮಾಸ್ಟರ್ ಡೆನಿಮ್ ಮುಟ್ಟಿಯೇ ತೂಕ ಹೇಳುತ್ತಾರೆ. ಕತ್ತರಿ ನಡೆಸುವಾಗ ಬಟ್ಟೆ ತಿರುಗಿ ಒತ್ತುತ್ತದೆ, ಆ ಒತ್ತಡವೇ ಕೈಯನ್ನು ನೇರ ಇಡುತ್ತದೆ. ಗಾಳಿ ತಿರುಗಿ ಒತ್ತುವುದಿಲ್ಲ. ಇದಕ್ಕೂ ಉಪಾಯ ಹುಡುಕಿದವರಿದ್ದಾರೆ. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದಿಂದ ಹೊರಟ ತಂಡವೊಂದು ನಮ್ಮ ಕಿವಿಗೆ ಕೇಳದ 40 ಕಿಲೋಹರ್ಟ್ಜ್ ಶಬ್ದವನ್ನು ಒಂದೇ ಬಿಂದುವಿಗೆ ಕೂಡಿಸಿ, ಬರಿಗಾಳಿಯಲ್ಲಿ ಅಂಗೈಗೆ ಮುಟ್ಟಿದ ಅನುಭವ ಬರುವ ಹಾಗೆ ಮಾಡಿದೆ. ನನಗೆ ಅದನ್ನು ಒಮ್ಮೆ ಮುಟ್ಟಿ ನೋಡಬೇಕೆಂಬ ಆಸೆ ಇದೆ. ದೊಡ್ಡ ಕಂಪನಿಗಳೂ ದಾರಿ ಬದಲಿಸಿವೆ. 2024ರಲ್ಲಿ ಬಂದ, ಕಣ್ಣಿಗೆ ಹಾಕಿಕೊಳ್ಳುವ ಕಂಪ್ಯೂಟರ್ ಆಪಲ್ ವಿಷನ್ ಪ್ರೊನಲ್ಲಿ ಕಣ್ಣು ಆರಿಸುತ್ತದೆ, ತೊಡೆಯ ಮೇಲಿಟ್ಟ ಕೈಯ ಎರಡು ಬೆರಳು ಚಿವುಟಿದರೆ ಸಾಕು. ಕೈಯನ್ನು ಕೆಳಗೆ ಇಳಿಸಿದ್ದೇ ಅದರಲ್ಲಿ ನನಗೆ ಬಹಳ ಹಿಡಿಸಿದ ವಿಷಯ. ಆದರೆ ತಲೆಗೆ ಕಟ್ಟಿಕೊಳ್ಳುವ ಯಂತ್ರ ನಮ್ಮೂರಿನ ಏಪ್ರಿಲ್‌ಗೆ ಆಗಿಬರುತ್ತದೆಂದು ನನಗೆ ಅನಿಸುವುದಿಲ್ಲ. ಮೈಕ್ರೋಸಾಫ್ಟ್‌ನ ಹೊಲೊಲೆನ್ಸ್ 2 ಅರ್ಧ ಕಿಲೋಗಿಂತ ಜಾಸ್ತಿ ಭಾರ, 566 ಗ್ರಾಂ.

ಬಿಸಿಲಿನ ಮಾತು ಬಂತು, ಇದನ್ನು ಕೊಳ್ಳುವವರು ಗಮನಿಸಿ. ನಮ್ಮ ಪಡುವಣ ಕಿಟಕಿಯಿಂದ ಮೂರು ಗಂಟೆಯ ಮೇಲೆ ಬಿಸಿಲು ನೇರ ಟೇಬಲ್‌ಗೆ ಬೀಳುತ್ತದೆ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುವುದರಿಂದ ಸೆನ್ಸರ್ ಕುರುಡಾಗುತ್ತದೆ, ಇಲ್ಲದ ಕೈ ತೋರಿಸುತ್ತದೆ. ದಪ್ಪ ಪರದೆ ಹಾಕಿದ ಮೇಲೆ ಸರಿಹೋಯಿತು. ಡೆನಿಮ್ ಧೂಳಿಗೆ ದಿನಕ್ಕೆ ಎರಡು ಸಲ ಗಾಜು ಒರೆಸಬೇಕು.

ಇಷ್ಟಾದರೂ ಸೆನ್ಸರ್ ಮಾರಿಲ್ಲ. ಅದಕ್ಕೆ ತಕ್ಕ ಕೆಲಸ ಮಾಸ್ಟರೇ ಹುಡುಕಿದರು. ಹೊಸ ಡೆನಿಮ್ ಹಿಡಿದರೆ ಅವರ ಕೈ ಮಣಿಕಟ್ಟಿನ ತನಕ ನೀಲಿ. ಆ ಕೈಯಲ್ಲಿ ಮೌಸ್ ಮುಟ್ಟಿದರೆ ಮೌಸೂ ನೀಲಿ, ಆಮೇಲೆ ಬಿಲ್ ಪುಸ್ತಕವೂ ನೀಲಿ. ಈಗ ಕಟಿಂಗ್ ಟೇಬಲ್ ಎದುರಿನ ಗೋಡೆಗೆ ಹಳೆಯ ಟಿವಿ ಹಾಕಿದ್ದೇವೆ, ಅದರಲ್ಲಿ ಸೈಜ್ ಚಾರ್ಟ್. ಅಂಗೈಯನ್ನು ಬಲಕ್ಕೆ ಬೀಸಿದರೆ ಮುಂದಿನ ಸೈಜ್, ಎಡಕ್ಕೆ ಬೀಸಿದರೆ ಹಿಂದಿನದು, ಮುಷ್ಟಿ ಹಿಡಿದರೆ ಅಲ್ಲೇ ನಿಲ್ಲುತ್ತದೆ. ಮೂರೇ ಸನ್ನೆ, ಬೇರೆ ಎಲ್ಲ ತೆಗೆದುಹಾಕಿದೆ. ಸೆನ್ಸರ್ ಟೇಬಲ್ ಅಂಚಿನಲ್ಲಿದೆ. ಅಲ್ಲಿಗೆ ಕೈ ಚಾಚಿದರಷ್ಟೇ ಕೆಲಸ, ಕೈ ಎತ್ತಿ ಹಿಡಿಯುವ ಗೋಳಿಲ್ಲ. ದಿನಕ್ಕೆ ಐವತ್ತು ಅರವತ್ತು ಸಲ ಬಳಸುತ್ತಾರೆ, ಒಂದೆರಡು ಸಲ ಬಿಟ್ಟರೆ ತಪ್ಪುವುದಿಲ್ಲ. ನೀಲಿ ಕೈಯನ್ನೂ ಸರಿಯಾಗಿ ಗುರುತಿಸುತ್ತದೆ.

ಕೈ ಕೊಳೆಯಾಗುವ, ಒದ್ದೆಯಾಗುವ ಕೆಲಸವಿದ್ದು, ನೋಡುವುದಕ್ಕೆ ಮಾತ್ರ ಪರದೆ ಬೇಕು ಅನ್ನುವವರು ಧೈರ್ಯವಾಗಿ ತೆಗೆದುಕೊಳ್ಳಿ. ಗೆರೆ ಎಳೆಯಲು, ಅಳತೆ ಕೂಡಿಸಲು ಬೇಡ. ಐದರಲ್ಲಿ ಮೂರೂವರೆ ಸ್ಟಾರ್ ಕೊಡುತ್ತೇನೆ, ಅದರಲ್ಲಿ ಒಂದು ಮಾಸ್ಟರ್‌ಗೆ ಸೇರಬೇಕು. ಹೋದ ತಿಂಗಳು ಇಲಿ ಯುಎಸ್‌ಬಿ ವೈರ್ ಕಡಿದು ಎರಡು ದಿನ ಸೆನ್ಸರ್ ಇರಲಿಲ್ಲ. ಮಾಸ್ಟರ್ ಎರಡೂ ದಿನ ಟಿವಿ ಎದುರು ಕೈ ಬೀಸಿ, ಆಮೇಲೆ ನನ್ನ ಕಡೆ ತಿರುಗುತ್ತಿದ್ದರು.