ಹತ್ತು ಸಲದ ಸೂಜಿಗೆ ದುಡ್ಡು ಕಟ್ಟಿದ್ದೆ, ಏಳನೇ ಸಲಕ್ಕೆ ಮೂಳೆ ಬಿರುಕು ಬಿಟ್ಟಿದ್ದು ಗೊತ್ತಾಯಿತು

ಮೊದಲೇ ಹೇಳಿಬಿಡುತ್ತೇನೆ, ಸ್ನಾಯುವಿಗೆ ಸೂಜಿ ಚುಚ್ಚಿ ನೋವು ತೆಗೆಯುವ ಡ್ರೈ ನೀಡ್ಲಿಂಗ್ ಮೇಲೆ ನನಗೆ ಸಿಟ್ಟಿಲ್ಲ. ಕುತ್ತಿಗೆ ಹಿಡಿದುಕೊಂಡಾಗ ಅದೇ ಸೂಜಿಯಿಂದ ಆರಾಮಾದವರು ನನಗೆ ಗೊತ್ತು. ಆದರೆ ನನ್ನ ನೋವು ಸ್ನಾಯುವಿನದ್ದಾಗಿರಲಿಲ್ಲ. ಅದನ್ನು ಯಾರೂ ನೋಡಲಿಲ್ಲ. ಐದು ವಾರ, ಏಳು ಸಲ ಚುಚ್ಚಿಸಿಕೊಂಡೆ.

ಶುರುವಾಗಿದ್ದು ಓಟದಿಂದ. ವರ್ಷಗಟ್ಟಲೆ ಕುರ್ಚಿ ಬಿಟ್ಟು ಏಳದವರಿಗೆ ಒಂದು ದಿನ ಹುರುಪು ಬರುತ್ತದಲ್ಲ, ಹಾಗೆ ನನಗೂ ಬಂತು. ಮೂರು ಕಿಲೋಮೀಟರಿಂದ ಶುರುಮಾಡಿ ಒಂದೇ ತಿಂಗಳಲ್ಲಿ ಹತ್ತಕ್ಕೆ ಹೋದೆ. ಆಮೇಲೆ ಬಲಗಡೆ ನೋವು. ಮೊದಮೊದಲು ಓಡುವಾಗ ಮಾತ್ರ, ಆಮೇಲೆ ನಡೆಯುವಾಗಲೂ.

ಇಲ್ಲಿ ನನ್ನ ತಪ್ಪೂ ಒಂದಿದೆ. ನೋವಿದ್ದದ್ದು ತೊಡೆಸಂದಿನಲ್ಲಿ, ಒಳಗೆ ಆಳದಲ್ಲಿ. ಗುರುತಿಲ್ಲದವರ ಮುಂದೆ ಆ ಜಾಗದ ಹೆಸರು ಹೇಳಲು ಸಂಕೋಚ. "ಸೊಂಟ ನೋವು" ಅಂದೆ. ನಮ್ಮ ಮಾತಿನಲ್ಲಿ ಬೆನ್ನಿನ ಕೆಳಭಾಗವೂ ಸೊಂಟವೇ, ಕೈಯಿಟ್ಟು ನಿಲ್ಲುವ ಪಕ್ಕದ ಎಲುಬೂ ಸೊಂಟವೇ, ತೊಡೆ ಬಂದು ಸೇರುವ ಕೀಲೂ ಸೊಂಟವೇ. ಥೆರಪಿಸ್ಟ್ "ಎಲ್ಲಿ, ಒಂದೇ ಬೆರಳಲ್ಲಿ ತೋರಿಸಿ" ಅಂದಿದ್ದರೆ ತೋರಿಸುತ್ತಿದ್ದೆ. ಅವರು ಕೇಳಲಿಲ್ಲ. ಪಕ್ಕಕ್ಕೆ ಮಲಗಿಸಿ, ಹೆಬ್ಬೆರಳಿನಿಂದ ಕುಂಡಿಯ ಸ್ನಾಯುವನ್ನು ಒತ್ತಿದರು. "ಅಯ್ಯೋ" ಅಂದೆ. "ನೋಡಿ, ಇದೇ ಟ್ರಿಗರ್ ಪಾಯಿಂಟ್. ಕೂತು ಕೂತು ಗಂಟು ಕಟ್ಟಿದೆ" ಅಂದರು. ಅಲ್ಲಿ ಅಷ್ಟು ಜೋರಾಗಿ ಒತ್ತಿದರೆ ಯಾರಿಗೆ ನೋಯುವುದಿಲ್ಲ ಹೇಳಿ? ನೀವೇ ಒತ್ತಿ ನೋಡಿಕೊಳ್ಳಿ.

ನಾನೂ ಓದಿಕೊಂಡೇ ಹೋಗಿದ್ದೆ. ಡ್ರೈ ಅಂದರೆ ಸೂಜಿಯಲ್ಲಿ ಔಷಧಿ ಇರುವುದಿಲ್ಲ, ಅಷ್ಟೇ. ಅಕ್ಯುಪಂಕ್ಚರ್‌ನಲ್ಲಿ ಬಳಸುವಂಥದೇ ಸೂಜಿ, ಒಳಗೆ ಟೊಳ್ಳಿಲ್ಲ. 1979ರಲ್ಲಿ ಕರೆಲ್ ಲೆವಿಟ್ ಎಂಬ ಚೆಕ್ ವೈದ್ಯರು, ಇಂಜೆಕ್ಷನ್ ಕೊಟ್ಟಾಗ ನೋವು ಕಡಿಮೆಯಾಗುವುದರಲ್ಲಿ ಔಷಧಿಗಿಂತ ಸೂಜಿ ಚುಚ್ಚುವುದರದ್ದೇ ಪಾತ್ರ ಇರುತ್ತದೆ ಎಂದು ಬರೆದರು. ಇದೆಲ್ಲ ಗೊತ್ತಿದ್ದದ್ದರಿಂದ ಧೈರ್ಯ ಜಾಸ್ತಿಯೇ ಇತ್ತು. ಸೂಜಿಯ ಬಗ್ಗೆ ಅಷ್ಟೆಲ್ಲ ಓದಿದವನು ನನ್ನ ನೋವಿನ ಬಗ್ಗೆ ಒಂದು ಸಾಲೂ ಓದಲಿಲ್ಲ.

ಚುಚ್ಚುವಾಗ ಹೇಗಿರುತ್ತದೆ ಅಂದರೆ, ಮೊದಲು ಸಣ್ಣ ಪ್ಲಾಸ್ಟಿಕ್ ನಳಿಕೆ ಚರ್ಮಕ್ಕೆ ತಾಗುತ್ತದೆ. ಮೇಲಿಂದ ಬೆರಳಲ್ಲಿ ಟಕ್ ಅಂತ ಹೊಡೆಯುತ್ತಾರೆ. ಅದು ಏನೂ ಅಲ್ಲ, ಇರುವೆ ಕಚ್ಚಿದಷ್ಟೂ ಇಲ್ಲ. ಆಮೇಲೆ ಸೂಜಿಯನ್ನು ಮೇಲೆ ಕೆಳಗೆ ಆಡಿಸುತ್ತಾ ಆಳಕ್ಕೆ ಇಳಿಸುತ್ತಾರೆ. ಕುಂಡಿಯ ಸ್ನಾಯು ದಪ್ಪ, ಹಾಗಾಗಿ ಸೂಜಿಯೂ ಉದ್ದ. ಒಂದು ಜಾಗದಲ್ಲಿ ಸ್ನಾಯು ತಾನಾಗಿಯೇ ಮೀನು ಮಿಡುಕಿದ ಹಾಗೆ ಮಿಡುಕುತ್ತದೆ. ಅದು ಬಂದರೆ ಅವರಿಗೆ ಖುಷಿ.

ನಾಲ್ಕನೇ ಸಲ ಬಂದದ್ದು ಮಿಡುಕು ಅಲ್ಲ. ಕರೆಂಟ್ ಹೊಡೆದ ಹಾಗೆ ತೊಡೆಯ ಹಿಂದಿನಿಂದ ಪಾದದವರೆಗೆ ಜುಮ್ಮೆಂದಿತು. ಕಾಲು ತಾನೇ ಒದೆಯಿತು. ಕಾಲಿಗೆ ಇಳಿಯುವ ದೊಡ್ಡ ನರ, ಸಯಾಟಿಕ್ ನರ, ಹೋಗುವುದು ಅಲ್ಲೇ, ಕುಂಡಿಯ ಆಳದಲ್ಲಿರುವ ಪಿರಿಫಾರ್ಮಿಸ್ ಸ್ನಾಯುವಿನ ಕೆಳಗೆ. "ಕಾಲಿಗೆ ಶಾಕ್ ಹೊಡೀತು" ಅಂದೆ. "ಒಳ್ಳೇದೇ, ಕೆಲಸ ಮಾಡ್ತಿದೆ" ಅಂದು ಮುಂದುವರಿಸಿದರು. ಒಳ್ಳೆಯದಲ್ಲ. ಹಾಗಾದರೆ ತಕ್ಷಣ ಸೂಜಿ ತೆಗೆಯಬೇಕು. ಮೂರು ದಿನ ಕಾಲಿನ ಹೆಬ್ಬೆರಳು ಜೋಮು ಹಿಡಿದ ಹಾಗಿತ್ತು. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದ್ದೆನಲ್ಲ ಅಂತ ಸುಮ್ಮನಾದೆ. ಆ ಕಾಗದ ಬಂದದ್ದೂ ಮೊದಲ ದಿನ ನಾನು ಮಂಚದ ಮೇಲೆ ಮಲಗಿದ ಮೇಲೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತೀರಾ ಅಂತ ಬಾಯಿಮಾತಿಗೂ ಯಾರೂ ಕೇಳಿರಲಿಲ್ಲ.

ಹಾಗಾದರೆ ಮತ್ತೆ ಮತ್ತೆ ಯಾಕೆ ಹೋದೆ? ಪ್ರತಿ ಸಲ ಎರಡು ದಿನ ನೋವು ಕಡಿಮೆಯಾಗುತ್ತಿತ್ತು. ನಿಜವಾಗಿಯೂ ಆಗುತ್ತಿತ್ತು. ಮೂರನೇ ದಿನ ಓಡಿದರೆ ಮತ್ತೆ ಅದೇ. "ಇನ್ನೊಂದೆರಡು ಸಲ ಮಾಡಿದ್ರೆ ಪೂರ್ತಿ ಬಿಡುತ್ತೆ" ಅನ್ನುತ್ತಿದ್ದರು. ನನಗೆ ಬಹಳ ತಡವಾಗಿ ಹೊಳೆದದ್ದು ಏನೆಂದರೆ, ಸೂಜಿ ಹಾಕಿದ ಮೇಲೆ ಸ್ನಾಯು ನೋಯುತ್ತದೆ, ಎರಡು ದಿನ ಓಡಬೇಡಿ ಅಂತ ಅವರೇ ಹೇಳುತ್ತಿದ್ದರು. ನನ್ನನ್ನು ಆರಾಮಾಗಿಸುತ್ತಿದ್ದದ್ದು ಆ ಎರಡು ದಿನದ ವಿಶ್ರಾಂತಿ ಅನ್ನಿಸುತ್ತದೆ. ಹೆಸರು ಮಾತ್ರ ಸೂಜಿಗೆ.

ಈ ನಡುವೆ ರಾತ್ರಿ ಮಲಗಿದಾಗಲೂ ಒಳಗೆ ಮಿಣಮಿಣ ನೋವು ಶುರುವಾಗಿತ್ತು. ಪ್ಯಾಂಟ್ ಹಾಕಿಕೊಳ್ಳಲು ಬಲಗಾಲಲ್ಲಿ ನಿಂತರೆ ಗೋಡೆ ಹಿಡಿಯಬೇಕಿತ್ತು. ಅದನ್ನು ಹೇಳಿದರೆ "ಸ್ನಾಯು ವೀಕ್ ಆಗಿದೆ" ಅಂತ ಒಂಟಿಕಾಲಿನ ಬಸ್ಕಿ ಕೊಟ್ಟರು. ಬಿರುಕು ಬಿಟ್ಟ ಮೂಳೆಯ ಮೇಲೆ ಒಂಟಿಕಾಲಿನ ಬಸ್ಕಿ! ಈಗ ನೆನೆಸಿಕೊಂಡರೂ ಬೆವರುತ್ತೇನೆ.

ಏಳನೇ ಸಲ ಆಗಿ ನಾಲ್ಕು ದಿನಕ್ಕೆ ಮೆಟ್ಟಿಲಿಳಿಯುವಾಗ ಕಾಲು ಕೊಡಲೇ ಇಲ್ಲ. ಕಂಬಿ ಹಿಡಿದದ್ದರಿಂದ ಬೀಳಲಿಲ್ಲ. ಆಗ ಮೂಳೆ ಡಾಕ್ಟರ ಹತ್ತಿರ ಹೋದೆ. ಅವರು ಅಂಗಾತ ಮಲಗಿಸಿ, ಮಂಡಿ ಮಡಚಿಸಿ, ತೊಡೆಯನ್ನು ಮೆಲ್ಲಗೆ ಒಳಗೆ ತಿರುಗಿಸಿದರು. ತೊಡೆಸಂದಿನಲ್ಲಿ ಚಳಕ್ ಅಂದಿತು. ಐದು ವಾರದಲ್ಲಿ ಯಾರೂ ಮಾಡದ ಪರೀಕ್ಷೆ ಅರ್ಧ ನಿಮಿಷದಲ್ಲಿ ಮುಗಿಯಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಅಷ್ಟಕ್ಕೇ ಬಿಡಲಿಲ್ಲ ಅವರು, ಈ ಥರದ ಬಿರುಕು ಶುರುವಿನಲ್ಲಿ ಎಕ್ಸ್‌ರೇಗೆ ಸಿಗದೆ ಹೋಗಬಹುದು ಅಂತ ಎಂಆರ್‌ಐ ಮಾಡಿಸಿದರು. ತೊಡೆಮೂಳೆಯ ಕತ್ತಿನಲ್ಲಿ, ಅಂದರೆ ಮೂಳೆಯ ತಲೆಯ ಕೆಳಗಿನ ಕಿರಿದಾದ ಭಾಗದಲ್ಲಿ, ಸ್ಟ್ರೆಸ್ ಫ್ರ್ಯಾಕ್ಚರ್. ಒಂದೇ ಪೆಟ್ಟಿಗಲ್ಲ, ಮತ್ತೆ ಮತ್ತೆ ಭಾರ ಬಿದ್ದು ಆಗುವ ಬಿರುಕು.

ಬಿರುಕು ಕತ್ತಿನ ಕೆಳಬದಿಯಲ್ಲಿತ್ತು. ಆ ಬದಿಯಲ್ಲಿ ಮೈಭಾರ ಮೂಳೆಯನ್ನು ಒತ್ತಿ ಹಿಡಿಯುತ್ತದೆ, ಹಾಗಾಗಿ ಆ ಕಾಲಿಗೆ ಭಾರ ಬಿಡದೆ ಇದ್ದರೆ ಕೂಡಿಕೊಳ್ಳುವ ಸಾಧ್ಯತೆ ಜಾಸ್ತಿ. ಮೇಲ್ಬದಿಯಲ್ಲಿ ಆಗಿದ್ದರೆ ಎಳೆದು ಬಾಯಿ ಬಿಡುತ್ತದೆ, ಸಾಮಾನ್ಯವಾಗಿ ಸ್ಕ್ರೂ ಹಾಕಬೇಕಾಗುತ್ತದೆ. ಪೂರ್ತಿ ಮುರಿದು ಜಾರಿದರೆ ಮೂಳೆಯ ತಲೆಗೆ ಹೋಗುವ ರಕ್ತವೇ ನಿಂತುಹೋಗಬಹುದು. ನನಗೆ ಎರಡು ತಿಂಗಳು ಊರುಗೋಲಿನಲ್ಲಿ ಮುಗಿಯಿತು.

ನಿಮಗೂ ತೊಡೆಸಂದಿನಲ್ಲಿ ನೋವಿದ್ದು, ಕಾಲಿಗೆ ಭಾರ ಬಿಟ್ಟಾಗ ಅದು ಜಾಸ್ತಿಯಾಗುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಓಟ, ನಡಿಗೆ ಇತ್ತೀಚೆಗೆ ಒಮ್ಮೆಲೇ ಏರಿಸಿದ್ದರಂತೂ ಕಾಯಬೇಡಿ. ಕುಂಟುತ್ತಿದ್ದರೆ, ರಾತ್ರಿಯೂ ನೋಯುತ್ತಿದ್ದರೆ ಅವತ್ತೇ ಹೋಗಿ. ಮನೆಯಲ್ಲಿ ಒಂಟಿಕಾಲಲ್ಲಿ ಕುಪ್ಪಳಿಸಿ ಪರೀಕ್ಷೆ ಮಾಡಿಕೊಳ್ಳುವ ಸಾಹಸ ಬೇಡ. ಸ್ಟೀರಾಯ್ಡ್ ಮಾತ್ರೆ ಬಹಳ ದಿನ ತಗೊಂಡಿದ್ದರೆ ಅದನ್ನೂ ಹೇಳಿ, ಅದರಿಂದ ಮೂಳೆಯ ತಲೆ ಸಾಯುವ ತೊಂದರೆಯೂ ಇದೆ, ನೋವು ಇದೇ ಜಾಗದಲ್ಲಿ ಬರುತ್ತದೆ. ಇದ್ಯಾವುದೂ ಇಲ್ಲ, ಸ್ನಾಯುವಿನದ್ದೇ ನೋವು ಅಂತಾದರೆ ಸೂಜಿ ಹಾಕಿಸಿಕೊಳ್ಳಿ, ಯಾರು ಬೇಡ ಅಂದರು? ಎರಡು ಮೂರು ಸಲ ಆದ ಮೇಲೂ ಫರಕು ಉಳಿಯದಿದ್ದರೆ ಮಾತ್ರ ನಾಲ್ಕನೆಯದಕ್ಕೆ ಮಲಗಬೇಡಿ.

ರಿಪೋರ್ಟ್ ಹಿಡಿದುಕೊಂಡು ಥೆರಪಿಸ್ಟ್ ಹತ್ತಿರ ಹೋಗಿದ್ದೆ. "ನೀವು ತೊಡೆಸಂದು ಅಂತ ಹೇಳಲೇ ಇಲ್ವಲ್ಲ" ಅಂದರು. ಅರ್ಧ ನಿಜ, ಒಪ್ಪಿಕೊಂಡೆ. ಉಳಿದರ್ಧ ಅವರು ಒಪ್ಪಲಿಲ್ಲ. ಹತ್ತು ಸಲಕ್ಕೆ ಮುಂಗಡ ಕಟ್ಟಿದ್ದೆನಲ್ಲ, ಉಳಿದ ಮೂರನ್ನು ವಾಪಸ್ ಕೊಡಲು ಬರುವುದಿಲ್ಲವಂತೆ. ಬೇಕಾದರೆ ಭುಜಕ್ಕೆ ಹಾಕಿಸಿಕೊಳ್ಳಬಹುದಂತೆ.